1882ರ ಸರ್ಬಿಯಾ ಒಪ್ಪಂದ ಮತ್ತು ನಮಗೆ ಸಿಗದ ಅಮೆರಿಕದ ಇ-2 ವೀಸಾ

ನಮಸ್ಕಾರ. ನಿಮ್ಮಲ್ಲಿ ತುಂಬ ಜನ ಒಂದೇ ಪ್ರಶ್ನೆ ಕೇಳ್ತಾ ಇದ್ದೀರಿ. "ಅಮೆರಿಕದಲ್ಲಿ ಬಂಡವಾಳ ಹಾಕಿ ಸ್ವಂತ ವ್ಯಾಪಾರ ಶುರು ಮಾಡಿದರೆ ಇ-2 ವೀಸಾ ಸಿಗುತ್ತಂತೆ. ಪಾಕಿಸ್ತಾನದವರಿಗೂ ಕೊಡ್ತಾರಂತೆ. ನಮಗ್ಯಾಕೆ ಇಲ್ಲ?" ಈ ಪ್ರಶ್ನೆ ನನ್ನನ್ನೂ ಬಿಡಲಿಲ್ಲ. ಹುಡುಕ್ತಾ ಹೋದರೆ ಉತ್ತರ ನೂರ ನಲವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯ್ತು.

ಮೊದಲು ಬೇಸಿಕ್ಸ್ ಬೇಗ ಮುಗಿಸಿಬಿಡೋಣ. ಇ-1 ಅಂದರೆ ವ್ಯಾಪಾರಿಗೆ, ಇ-2 ಅಂದರೆ ಹೂಡಿಕೆದಾರನಿಗೆ. ಎರಡೂ ಗ್ರೀನ್ ಕಾರ್ಡ್ ಅಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ವರ್ಷ ಇರಲು ಬಿಡ್ತಾರೆ, ವ್ಯಾಪಾರ ನಡೀತಾ ಇದ್ದರೆ ವಿಸ್ತರಿಸ್ತಾ ಹೋಗಬಹುದು. ಎಚ್-1ಬಿ ಉದ್ಯೋಗ ವೀಸಾ ಥರ ವರ್ಷಕ್ಕೆ ಇಷ್ಟೇ ಅನ್ನೋ ಮಿತಿ ಇಲ್ಲ, ಲಾಟರಿ ಇಲ್ಲ. ಆದರೆ ಷರತ್ತು ಒಂದಿದೆ: ನಿಮ್ಮ ದೇಶಕ್ಕೂ ಅಮೆರಿಕಕ್ಕೂ ನಡುವೆ ವಾಣಿಜ್ಯ ಒಪ್ಪಂದ ಇರಬೇಕು, ಇಲ್ಲಾ ಅಮೆರಿಕದ ಸಂಸತ್ತು ನಿಮ್ಮ ದೇಶಕ್ಕಂತಲೇ ಕಾನೂನು ಮಾಡಿರಬೇಕು.

[ಸ್ಕ್ರೀನ್ ಮೇಲೆ: ಒಪ್ಪಂದ ದೇಶಗಳ ಪಟ್ಟಿ]

ಅಮೆರಿಕದ ವಿದೇಶಾಂಗ ಇಲಾಖೆ ಈ ದೇಶಗಳ ಪಟ್ಟಿ ಇಟ್ಟಿದೆ. ಪ್ರತಿ ದೇಶದ ಮುಂದೆ ಒಂದು ತಾರೀಖು. ಪಾಕಿಸ್ತಾನ, 1961. ಜಪಾನ್, 1953. ಈಗ ಸ್ಲೊವೇನಿಯಾ ನೋಡಿ: 1882, ನವೆಂಬರ್ 15. ಕ್ರೊಯೇಷಿಯಾ? ಅದೇ ತಾರೀಖು. ಬೋಸ್ನಿಯಾ? ಅದೇ. ಕೊಸೊವೊ? ಅದೂ 1882, ನವೆಂಬರ್ 15. ಕೊಸೊವೊ ತಾನು ಸ್ವತಂತ್ರ ಅಂತ ಘೋಷಿಸಿಕೊಂಡಿದ್ದೇ 2008ರಲ್ಲಿ!

ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಯಾಕಂದರೆ ಇಡೀ ವೀಸಾದ ಗುಟ್ಟು ಈ ಒಂದು ಸಾಲಲ್ಲಿದೆ. 1881ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸರ್ಬಿಯಾ ಮತ್ತು ಅಮೆರಿಕ ಒಂದು ವಾಣಿಜ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಆಗ ಸರ್ಬಿಯಾ ಇನ್ನೂ ಸಣ್ಣ ಸಂಸ್ಥಾನ, ಮಿಲನ್ ಒಬ್ರೆನೊವಿಚ್ ಅದರ ದೊರೆ. ಒಪ್ಪಂದ ಜಾರಿಗೆ ಬರೋ ಹೊತ್ತಿಗೆ ಅದು ರಾಜ್ಯವಾಗಿತ್ತು. ಮೊದಲ ಮಹಾಯುದ್ಧ ಮುಗಿದು, 1918ರಲ್ಲಿ ಸರ್ಬಿಯಾ ಮುಂದೆ ಯುಗೊಸ್ಲಾವಿಯಾ ಅನಿಸಿಕೊಂಡ ದೇಶದೊಳಗೆ ಸೇರಿಹೋಯ್ತು. ಒಪ್ಪಂದವೂ ಜೊತೆಗೇ ಹೋಯ್ತು. ರಾಜಪ್ರಭುತ್ವ ಬಿದ್ದು ಕಮ್ಯುನಿಸ್ಟ್ ಸರ್ಕಾರ ಬಂತು, ಒಪ್ಪಂದ ಉಳಿಯಿತು. ತೊಂಬತ್ತರ ದಶಕದಲ್ಲಿ ಯುಗೊಸ್ಲಾವಿಯಾವೇ ಚೂರುಚೂರಾಯ್ತು. ಒಡೆದ ಮನೆಯ ಪಾತ್ರೆ ಪಡಗ ಹಂಚಿಕೊಂಡ ಹಾಗೆ ಏಳು ದೇಶಗಳೂ ಆ ಒಪ್ಪಂದವನ್ನ ಹಂಚಿಕೊಂಡವು. ಈ ಎಲ್ಲ ದೇಶಗಳೂ ಅದಕ್ಕೆ ಬದ್ಧ ಅನ್ನೋದೇ ಅಮೆರಿಕದ ನಿಲುವು.

ಸ್ಲೊವೇನಿಯಾದವರ ಮುತ್ತಜ್ಜಂದಿರು 1882ರಲ್ಲಿ ಸರ್ಬಿಯಾದಲ್ಲಿ ಇರಲೇ ಇಲ್ಲ, ವಿಯೆನ್ನಾದ ಚಕ್ರವರ್ತಿಯ ಪ್ರಜೆಗಳಾಗಿದ್ದರು. ಆದರೂ ಇವತ್ತು ಅವರ ಮರಿಮಕ್ಕಳು ಅಮೆರಿಕದಲ್ಲಿ ಒಂದು ಕಾರ್ಖಾನೆ ತೆರೀಬೇಕು ಅಂದರೆ ಆ ಹಳೇ ಸರ್ಬಿಯಾದ ಸಹಿಯೇ ಬಾಗಿಲು ತೆಗೆಯೋದು. ಈ ಸಾಲನ್ನ ನಾನು ಎಷ್ಟು ಸಲ ಓದಿದ್ದೀನೋ, ಪ್ರತಿ ಸಲವೂ ರೋಮಾಂಚನ ಆಗುತ್ತೆ.

ಹಾಗಂತ ಇಂಥ ಕಾಗದ ಶಾಶ್ವತ ಅಂದುಕೋಬೇಡಿ. ಇರಾನ್ ಜೊತೆ 1955ರ ಒಪ್ಪಂದ ಇತ್ತು. ಅದನ್ನ ಕೊನೆಗೊಳಿಸ್ತೀವಿ ಅಂತ 2018ರಲ್ಲಿ ಅಮೆರಿಕ ಘೋಷಿಸಿತು. 2020ರ ಜನವರಿಯಿಂದ ಇರಾನಿಯರಿಗೆ ಹೊಸ ಇ ವೀಸಾ ಬಂದ್.

ನಮ್ಮ ವಿಷಯಕ್ಕೆ ಬರೋಣ. ಭಾರತಕ್ಕೂ ಅಮೆರಿಕಕ್ಕೂ ಇಂಥ ಒಪ್ಪಂದ ಇಲ್ಲ. ಚೀನಾಗೂ ಇಲ್ಲ. ಹೂಡಿಕೆ ಒಪ್ಪಂದದ ಮಾತುಕತೆ ನಡೆದಿತ್ತು, ದಡ ಸೇರಲಿಲ್ಲ. ಹೊಸದಾಗಿ ಪಟ್ಟಿ ಸೇರೋದೂ ಸುಲಭ ಅಲ್ಲ: ಇಸ್ರೇಲ್‌ಗೆ ಇ-2 ಕೊಡೋ ಕಾನೂನು 2012ರಲ್ಲಿ ಆಯ್ತು, ವೀಸಾ ಕೊಡೋಕೆ ಶುರುವಾಗಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಆಪ್ತ ದೇಶಕ್ಕೇ ಏಳು ವರ್ಷ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಒಂದನ್ನೇ ಇಟ್ಟುಕೊಂಡವರಿಗೆ "ಇ-2 ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಮುಂಗಡ ಕೇಳಿದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಇಲ್ಲಿ ನೋಡೋದು ಪೌರತ್ವ. ಹುಟ್ಟಿದ್ದು ಭಾರತದಲ್ಲೇ ಆಗಿದ್ದರೂ ಈಗ ಕೆನಡಾ ಪ್ರಜೆ ಆಗಿದ್ದರೆ ಅರ್ಜಿ ಹಾಕಬಹುದು. ಕೆನಡಾದಲ್ಲಿ ಬರೀ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಇದ್ದರೆ ಆಗಲ್ಲ.

ಗ್ರೆನಡಾ ದಾರಿ ಬಗ್ಗೆಯೂ ಕೇಳಿರ್ತೀರಿ. ಕೆರಿಬಿಯನ್ ದ್ವೀಪದೇಶ, ದುಡ್ಡು ಹೂಡಿದರೆ ಪೌರತ್ವ ಕೊಡುತ್ತೆ, ಇ-2 ಪಟ್ಟಿಯಲ್ಲೂ ಇದೆ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾನೂನು ಬದಲಾಯ್ತು. ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ ಸತತ ಮೂರು ವರ್ಷ ನೆಲೆಸಿರಬೇಕು. ಹಳೇ ವಿಡಿಯೋಗಳಲ್ಲಿ ಈ ಮಾತು ಇರಲ್ಲ, ಹುಷಾರಾಗಿರಿ.

ಇನ್ನು ಅರ್ಹತೆ ಇರೋರು ಅರ್ಜಿ ಹಾಕೋದು ಹೇಗೆ? "ಎಷ್ಟು ಡಾಲರ್ ಹಾಕಬೇಕು" ಅಂತ ಎಲ್ಲರೂ ಕೇಳ್ತಾರೆ. ಕಾನೂನಲ್ಲಿ ಕನಿಷ್ಠ ಮೊತ್ತ ಅಂತ ಇಲ್ಲ. ವ್ಯಾಪಾರ ಚಿಕ್ಕದಿದ್ದರೆ ಅದರ ಬೆಲೆಯ ಹೆಚ್ಚುಕಡಿಮೆ ಪೂರ್ತಿ ನೀವೇ ಹಾಕಿರಬೇಕು. ದೊಡ್ಡದಿದ್ದರೆ ಶೇಕಡಾವಾರು ಕಡಿಮೆ ಇದ್ದರೂ ನಡೆಯುತ್ತೆ. ಬ್ಯಾಂಕಲ್ಲಿ ಸುಮ್ಮನೆ ಇಟ್ಟ ದುಡ್ಡು ಹೂಡಿಕೆ ಅಲ್ಲ. ವ್ಯಾಪಾರ ಮುಳುಗಿದರೆ ನಿಮ್ಮ ದುಡ್ಡೂ ಮುಳುಗಬೇಕು, ಆಗಲೇ ಅದು ಹೂಡಿಕೆ.

"ವೀಸಾ ಸಿಗದೇ ಹೋದರೆ ಹಾಕಿದ ದುಡ್ಡಿನ ಗತಿ ಏನು?" ಇದು ನ್ಯಾಯವಾದ ಭಯ. ಅದಕ್ಕೆ ಎಸ್ಕ್ರೋ ಖಾತೆ ಇದೆ. ಉದಾಹರಣೆಗೆ ನೀವು ಒಂದು ಬೇಕರಿ ಕೊಳ್ತಾ ಇದ್ದೀರಿ. ಹಣ ಮೂರನೆಯವರ ಕೈಯಲ್ಲಿ ಇರುತ್ತೆ. ವೀಸಾ ಬಂದರೆ ಮಾರುವವನಿಗೆ, ಬರದಿದ್ದರೆ ವಾಪಸ್ ನಿಮಗೆ. ಕರಾರಲ್ಲಿ ಈ ಒಂದು ಷರತ್ತು ಬಿಟ್ಟು ಹಿಂದೆ ಸರಿಯೋಕೆ ಬೇರೆ ದಾರಿ ಇರಬಾರದು. ಕಾನ್ಸುಲೇಟ್ ಇದನ್ನ ಒಪ್ಪುತ್ತೆ.

ಹಣ ಎಲ್ಲಿಂದ ಬಂತು ಅನ್ನೋದಕ್ಕೂ ದಾಖಲೆ ಬೇಕು. ಮನೆ ಮಾರಿದ್ದಾದರೆ ಕ್ರಯಪತ್ರ, ಹಣ ಖಾತೆಗೆ ಬಿದ್ದ ಬ್ಯಾಂಕ್ ಹೇಳಿಕೆ, ಅಲ್ಲಿಂದ ಅಮೆರಿಕಕ್ಕೆ ಕಳಿಸಿದ ರಸೀದಿ. ಸರಪಳಿಯ ಒಂದು ಕೊಂಡಿ ಕಳಚಿದರೂ ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರಬಹುದು.

ಸಮಯ ಆಗ್ತಾ ಇದೆ, ಉಳಿದದ್ದನ್ನ ಒಟ್ಟಿಗೆ ಹೇಳಿಬಿಡ್ತೀನಿ. ವ್ಯಾಪಾರ ನಿಮ್ಮ ಮನೆ ಖರ್ಚಿಗೆ ಮಾತ್ರ ಸಾಕಾಗುವಷ್ಟು ಚಿಕ್ಕದಿರಬಾರದು, ಐದು ವರ್ಷದೊಳಗೆ ಅದನ್ನ ಮೀರಿ ಬೆಳೆಯೋ ಶಕ್ತಿ ತೋರಿಸಬೇಕು. ಇ-1 ಆದರೆ ವಹಿವಾಟಿನ ಅರ್ಧಕ್ಕಿಂತ ಹೆಚ್ಚು ನಿಮ್ಮ ದೇಶ ಮತ್ತು ಅಮೆರಿಕದ ನಡುವೆಯೇ ಇರಬೇಕು. ಒಂದೇ ಒಂದು ದೊಡ್ಡ ಆರ್ಡರ್ ಸಾಲದು, ಸರಕು ಸತತವಾಗಿ ಓಡಾಡ್ತಿರಬೇಕು. ಭಾರತೀಯರಿಗೆ ಬೇರೆ ದಾರಿಗಳು: ಹೂಡಿಕೆಯಿಂದ ಗ್ರೀನ್ ಕಾರ್ಡ್ ಕೊಡೋ ಇಬಿ-5ಗೆ 2022ರ ಕಾನೂನಿನ ಪ್ರಕಾರ 10,50,000 ಡಾಲರ್, ನಿರುದ್ಯೋಗ ಹೆಚ್ಚಿರುವ ಅಥವಾ ಗ್ರಾಮೀಣ ಪ್ರದೇಶವಾದರೆ 8,00,000, ಜೊತೆಗೆ ಹತ್ತು ಜನಕ್ಕೆ ಕೆಲಸ. ಇಲ್ಲಾಂದರೆ ಎಲ್-1, ನಿಮ್ಮ ಕಂಪನಿಯ ಶಾಖೆ ತೆರೆದು ಹೋಗೋದು.

ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಇ-2 ಪಡೆದವರ ಗಂಡ ಅಥವಾ ಹೆಂಡತಿ ಅದೇ ದೇಶದ ಪ್ರಜೆ ಆಗಿರಬೇಕಿಲ್ಲ. ನಿಮ್ಮ ಸಂಗಾತಿ ಕೆನಡಾ ಪ್ರಜೆ, ನಿಮ್ಮದು ಭಾರತದ ಪಾಸ್‌ಪೋರ್ಟ್ ಅಂತಿಟ್ಟುಕೊಳ್ಳಿ. ಅವರ ಜೊತೆ ನೀವೂ ಹೋಗಬಹುದು, ಅಲ್ಲಿ ಕೆಲಸವನ್ನೂ ಮಾಡಬಹುದು. ಅಮೆರಿಕಕ್ಕೆ ಇಳಿದ ಮೇಲೆ ಐ-94 ಅನ್ನೋ ಪ್ರವೇಶ ದಾಖಲೆಯಲ್ಲಿ 'ಇ-2ಎಸ್' ಅಂತ ಬಂದಿದೆಯಾ ನೋಡಿಕೊಳ್ಳಿ. ಕೊನೆಯ ಆ 'ಎಸ್' ಇಲ್ಲದಿದ್ದರೆ ತಕ್ಷಣ ತಿದ್ದಿಸಿ, ಕೆಲಸ ಕೊಡುವವರು ಕೇಳೋದು ಅದನ್ನೇ.