ಲಂಡನ್ನಿನ ವಾದ್ಯವೃಂದ, ಮೈಸೂರಿನ ಕೇಳುಗ

ಕೇಳುಗರೆಲ್ಲರಿಗೂ ನಮಸ್ಕಾರ.

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ವೇದಿಕೆಯ ಮೇಲೆ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಅದನ್ನು ನಡೆಸಲು ನಿಂತವರು ಜರ್ಮನಿಯ ಫುರ್ಟ್‌ವೆಂಗ್ಲರ್. ಹಾಡಲು ಬಂದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಬದುಕಿನ ಕೊನೆಯಲ್ಲಿ ಬರೆದ ನಾಲ್ಕು ಹಾಡುಗಳನ್ನು ಜನ ಮೊದಲ ಸಲ ಕೇಳಿದ್ದು ಆ ರಾತ್ರಿ. ಸ್ಟ್ರಾಸ್ ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಖರ್ಚಿಗೆ ಹೊಣೆ ನಿಂತವರೂ ಅಲ್ಲಿರಲಿಲ್ಲ. ಅವರು ಇದ್ದದ್ದು ಸಾವಿರಾರು ಮೈಲಿ ಆಚೆ, ನಮ್ಮ ಮೈಸೂರಿನಲ್ಲಿ. ಅವರೇ ಜಯಚಾಮರಾಜೇಂದ್ರ ಒಡೆಯರು.

ಈ ಆರ್ಕೆಸ್ಟ್ರಾ ಹುಟ್ಟಿದ್ದೇ ರೆಕಾರ್ಡಿಗಾಗಿ. ವಾಲ್ಟರ್ ಲೆಗ್ ಅಂತ ಒಬ್ಬರು ಇಎಂಐ ಕಂಪನಿಯಲ್ಲಿ ಗ್ರಾಮಫೋನ್ ರೆಕಾರ್ಡು ತಯಾರಿಸುತ್ತಿದ್ದರು. ಯುದ್ಧ ಮುಗಿದ ವರ್ಷ, 1945ರಲ್ಲಿ, ಅವರು ಒಳ್ಳೊಳ್ಳೆ ವಾದಕರನ್ನು ಹುಡುಕಿ ಸೇರಿಸಿದರು. ಸೈನ್ಯದ ಬ್ಯಾಂಡುಗಳಿಂದ ಬಂದ ಹುಡುಗರೂ ಅವರಲ್ಲಿದ್ದರು. ಮೊದಲ ಕಛೇರಿ ಅಕ್ಟೋಬರ್ 27ಕ್ಕೆ, ಕಿಂಗ್ಸ್‌ವೇ ಹಾಲ್‌ನಲ್ಲಿ. ನಡೆಸಿದವರು ಥಾಮಸ್ ಬೀಚಮ್. ಸಂಭಾವನೆಯಾಗಿ ಅವರು ತೆಗೆದುಕೊಂಡದ್ದು ಒಂದು ಚುಟ್ಟಾ!

ಕಿಂಗ್ಸ್‌ವೇ ಹಾಲ್ ಚರ್ಚಿನವರ ಕಟ್ಟಡ. ಅದರ ಕೆಳಗೆ ನೆಲದೊಳಗಿನ ರೈಲು ಓಡುತ್ತಿತ್ತು. ಅಲ್ಲಿ ಮಾಡಿದ ಹಳೇ ರೆಕಾರ್ಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಪಿಟೀಲು ಮೆಲ್ಲಗೆ ಎಳೆಯುವ ಕಡೆ, ಅಡಿಯಲ್ಲಿ ಎಲ್ಲೋ ಗುಡುಗುಡು ಅನ್ನುತ್ತೆ. ಅದು ನಗಾರಿ ಅಲ್ಲ, ರೈಲು. ನನಗೆ ಆ ಸದ್ದು ಇಷ್ಟ. ಊರಿಗೆ ಊರೇ ಪಕ್ಕದಲ್ಲಿ ಬಂದು ಕೂತ ಹಾಗಿರುತ್ತದೆ.

ಹೊಸ ತಂಡಕ್ಕೆ ದುಡ್ಡು ಬೇಕಿತ್ತು. ಕೈ ಹಿಡಿದವರು ಒಡೆಯರು. ಪಾಶ್ಚಾತ್ಯ ಪಿಯಾನೋ ವಾದಕರಾಗಬೇಕು ಅನ್ನೋ ಆಸೆ ಅವರಿಗಿತ್ತು, ಸಿಂಹಾಸನ ಅದಕ್ಕೆ ಅಡ್ಡ ಬಂತು. ಅರಮನೆಯಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವು ಅನ್ನುತ್ತಾರೆ. ವಾಸುದೇವಾಚಾರ್ಯರ ಹತ್ತಿರ ಕರ್ನಾಟಕ ಸಂಗೀತ ಕಲಿತು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದ ಒಡೆಯರೂ ಇವರೇ. ಒಂದು ಕಿವಿಗೆ ಎರಡು ಸಂಗೀತ ಹಿಡಿಸಲ್ಲ ಅಂತ ಹೇಳುವವರಿಗೆ ನಾನು ಇವರ ಹೆಸರು ಹೇಳುತ್ತೇನೆ.

ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ನಿಕೊಲಾಯ್ ಮೆಟ್ನರ್ ಅಂತ ರಷ್ಯಾದ ಸಂಗೀತಗಾರ ಲಂಡನ್ನಿನಲ್ಲಿದ್ದರು. ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಜನ ಮರೆಯುತ್ತಿದ್ದರು. ಅವರ ಸಂಗೀತ ರೆಕಾರ್ಡಾಗಲಿ ಅಂತ ಒಡೆಯರು ಹಣ ಕೊಟ್ಟರು. ಮೆಟ್ನರ್ ತಾವೇ ಪಿಯಾನೋ ಮುಂದೆ ಕೂತರು, ಜೊತೆಗೆ ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಪಿಯಾನೋ ಮತ್ತು ಆರ್ಕೆಸ್ಟ್ರಾ ಕೂಡಿ ನುಡಿಸುವ ಕೃತಿಗೆ ಕಾನ್ಸರ್ಟೊ ಅನ್ನುತ್ತಾರೆ; ತಮ್ಮ ಮೂರನೇ ಕಾನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ತೀರಿಕೊಂಡರು. ಆ ರೆಕಾರ್ಡು ಆಗದೇ ಹೋಗಿದ್ದರೆ ಆರ್ಕೆಸ್ಟ್ರಾ ಜೊತೆ ಆ ಬೆರಳುಗಳ ನಾದ ನಮಗೆ ಎಲ್ಲಿ ಸಿಗುತ್ತಿತ್ತು?

ಆ ತಂಡದಲ್ಲಿ ಡೆನಿಸ್ ಬ್ರೇನ್ ಇದ್ದರು. ಅವರದು ಹಾರ್ನ್. ನಮ್ಮ ಕೊಂಬಿನ ದೂರದ ನೆಂಟ ಅನ್ನಿ. ಸುರುಳಿ ಸುತ್ತಿದ ಹಿತ್ತಾಳೆ ಕೊಳವೆ, ಬಿಚ್ಚಿದರೆ ಹತ್ತು ಹನ್ನೆರಡು ಅಡಿ ಆಗುತ್ತೆ. ಬಲಗೈಯನ್ನು ಅಗಲ ಬಾಯೊಳಗೆ ಇಟ್ಟು ನುಡಿಸಬೇಕು. ಸ್ವರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ತುಟಿ ಚೂರು ಜಾರಿದರೆ ಪಕ್ಕದ ಸ್ವರ ಒಡೆದುಕೊಂಡು ಬರುತ್ತೆ. ಬ್ರೇನ್ ನುಡಿಸಿದರೆ ಈ ಕಷ್ಟ ಯಾವುದೂ ಕೇಳಿಸದು, ಉಸಿರು ಬಿಟ್ಟಷ್ಟೇ ಸಲೀಸು. 1957ರ ಸೆಪ್ಟೆಂಬರ್ 1ರ ಬೆಳಗ್ಗೆ, ಎಡಿನ್‌ಬರೋದಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬರುವಾಗ ಅಪಘಾತದಲ್ಲಿ ಹೋದರು. 36 ವರ್ಷ, ಅಷ್ಟೇ.

ಆರ್ಕೆಸ್ಟ್ರಾ ನಡೆಸಲು ದೊಡ್ಡ ದೊಡ್ಡವರು ಬಂದರು. ಕರಾಯನ್ ಬಂದರು, 1952ರಲ್ಲಿ ವೃದ್ಧ ಟೊಸ್ಕನಿನಿ ಬಂದು ಎರಡು ಕಛೇರಿ ನಡೆಸಿದರು. ಕ್ಲೆಂಪರರ್ ವರ್ಷಗಟ್ಟಲೆ ನಿಂತರು. ಆದರೆ 1964ರ ಮಾರ್ಚಿನಲ್ಲಿ ಲೆಗ್ ಇದ್ದಕ್ಕಿದ್ದ ಹಾಗೆ ಆರ್ಕೆಸ್ಟ್ರಾ ನಿಲ್ಲಿಸುತ್ತೇನೆ ಅಂದುಬಿಟ್ಟರು. ವಾದಕರು ಮನೆಗೆ ಹೋಗಲಿಲ್ಲ. ತಾವೇ ಕೂಡಿ, ತಮ್ಮಲ್ಲೇ ಆಡಳಿತ ಮಂಡಳಿ ಮಾಡಿಕೊಂಡು, ‘ನ್ಯೂ ಫಿಲ್‌ಹಾರ್ಮೋನಿಯಾ’ ಅಂತ ಹೆಸರಿಟ್ಟುಕೊಂಡರು. ಆಗ ಎಂಬತ್ತರ ಹತ್ತಿರ ಇದ್ದ ಕ್ಲೆಂಪರರ್ ಅವರ ಬೆನ್ನಿಗೆ ನಿಂತರು. ಹಳೇ ಹೆಸರು ಕೈಗೆ ಬರಲು 1977ರ ತನಕ ಕಾಯಬೇಕಾಯಿತು. ತಂಡ ಕಟ್ಟಿದವರು ಬಿಟ್ಟರೂ ನುಡಿಸುವವರು ಬಿಡಲಿಲ್ಲ ಅಲ್ವಾ, ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅದೇ. ಇವತ್ತೂ ಅವರು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನುಡಿಸುತ್ತಾರೆ.

1950ರ ಆ ಹಾಡುಗಳ ರೆಕಾರ್ಡು ಮೈಸೂರಿಗೆ ಬರಬೇಕು ಅನ್ನೋ ಏರ್ಪಾಡಿನಿಂದಲೇ ಒಡೆಯರು ಹಣ ಕೊಟ್ಟದ್ದು. ಆ ಧ್ವನಿಮುದ್ರಣ ಈಗಲೂ ಕೇಳಲು ಸಿಗುತ್ತದೆ. ಕರಕರ ಸದ್ದು ಜಾಸ್ತಿ, ಮೊದಮೊದಲು ಬೇಜಾರಾಗುತ್ತೆ. ತಾಳ್ಮೆಯಿಂದ ಕೊನೆಯ ಹಾಡಿನ ತನಕ ಬನ್ನಿ. ಸಂಜೆ ಇಳಿಯುತ್ತಿದೆ, ದನಿ ನಿಂತಿದೆ, ತಂತಿವಾದ್ಯಗಳು ಮೆಲ್ಲಗಾಗಿವೆ. ಆಗ ಆ ಕರಕರದ ಹಿಂದಿನಿಂದ ಎರಡು ಕೊಳಲು ಬಾನಾಡಿಗಳ ಹಾಗೆ ಉಲಿಯುತ್ತವೆ.

ನಮಸ್ಕಾರ.