ಉಪ್ಪಿನ ರಾಶಿಗೆ ಬಾಗಿಲು ಬರೆದವರು

ನಮಸ್ಕಾರ. ಉಪ್ಪಿನ ರಾಶಿಗೆ ಬಾಗಿಲು ಇರುತ್ತದೆಯೇ? ಕೆರಿಬಿಯನ್ ಕಡೆಯ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಹಳೆಯ ಧ್ವಜದಲ್ಲಿ ಇತ್ತು. ಲಂಡನ್ನಿನಲ್ಲಿ ಕುಳಿತ ಚಿತ್ರಕಾರನೊಬ್ಬ ಬಿಳಿ ರಾಶಿಯನ್ನು ಹಿಮದ ಗುಡಿಸಲೆಂದು ತಿಳಿದು ಅದಕ್ಕೊಂದು ಕಪ್ಪು ಬಾಗಿಲು ಬರೆದನಂತೆ. ಅದು 1960ರ ದಶಕದವರೆಗೂ ಹಾಗೆಯೇ ಹಾರಾಡಿತು. ಆ ಉಪ್ಪಿನಿಂದ ದುಡ್ಡು ಮಾಡಿದ ಸಾಮ್ರಾಜ್ಯಕ್ಕೆ ಅದರ ರಾಶಿಯ ಗುರುತೇ ಇರಲಿಲ್ಲ!

ಅಲ್ಲಿನ ಸಾಲ್ಟ್ ಕೇ ಎಂಬ ಪುಟ್ಟ ದ್ವೀಪಕ್ಕೆ ಈಗ ಜನ ತಿಮಿಂಗಿಲ ನೋಡಲು ಹೋಗುತ್ತಾರೆ. ಜೊತೆಗೆ ಉಪ್ಪಿನ ಧಣಿಗಳ 'ವೈಟ್ ಹೌಸ್' ಎದುರು ಫೋಟೊ. ಮೇಲೆ ವಾಸ, ಕೆಳಗೆ ಉಪ್ಪಿನ ಉಗ್ರಾಣ. ಕಲ್ಲಿನ ಕಟ್ಟಡ ಚೆನ್ನಾಗಿದೆ, ತಕರಾರಿಲ್ಲ. ನನ್ನ ತಕರಾರು ಅಲ್ಲಿಂದಲೇ ಹಿಂದಿರುಗುವವರ ಬಗ್ಗೆ. ನೋಡಬೇಕಾದದ್ದು ಮನೆಯ ಆಚೆಗಿನ ಉಪ್ಪಿನ ಗದ್ದೆಗಳನ್ನು. ಮೊಣಕಾಲೆತ್ತರಕ್ಕೂ ಬಾರದ ಕಲ್ಲಿನ ಬದುಗಳು, ಸಮುದ್ರದ ನೀರನ್ನು ಒಳಗೆ ಬಿಡುತ್ತಿದ್ದ ತೂಬುಗಳು, ನೀರೆತ್ತುತ್ತಿದ್ದ ಗಾಳಿಯಂತ್ರಗಳ ಮುರುಕು ಅಸ್ಥಿಪಂಜರ. ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿಗೆ ಗಟ್ಟಿಯಾಗಲು ಬಿಟ್ಟು, ಹರಳುಗಟ್ಟಿದ ಮೇಲೆ ಗೋರಿ ರಾಶಿ ಹಾಕುತ್ತಿದ್ದರು. ಉತ್ತರ ಅಮೆರಿಕದ ಪೂರ್ವ ಕರಾವಳಿಯವರು ಮೀನು ಕೆಡದಂತೆ ಇಡಲು ಈ ಉಪ್ಪನ್ನು ಕೊಳ್ಳುತ್ತಿದ್ದರು.

ಗೋರುತ್ತಿದ್ದವರು ಯಾರು? ಬರ್ಮುಡಾದಲ್ಲಿ ಗುಲಾಮಳಾಗಿ ಹುಟ್ಟಿದ ಮೇರಿ ಪ್ರಿನ್ಸ್ ಅವರಲ್ಲೊಬ್ಬಳು. ಪಕ್ಕದ ಗ್ರಾಂಡ್ ಟರ್ಕ್ ದ್ವೀಪದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕೈಗೆ ಸಲಿಕೆ ಕೊಟ್ಟು ಮೊಣಕಾಲುದ್ದದ ಉಪ್ಪುನೀರಿಗೆ ಇಳಿಸುತ್ತಿದ್ದರು. ಒಂಬತ್ತಕ್ಕೆ ಬೇಯಿಸಿದ ಮೆಕ್ಕೆಜೋಳ, ಮತ್ತೆ ಕೆಲಸ. ಕಾಲಿನ ತುಂಬ ಎದ್ದ ಹುಣ್ಣುಗಳು ಕೆಲವರಲ್ಲಿ ಎಲುಬಿನವರೆಗೂ ಕೊರೆಯುತ್ತಿದ್ದವು. 1831ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಆತ್ಮಕಥನದಲ್ಲಿ ಅವಳೇ ಇದನ್ನೆಲ್ಲ ಹೇಳಿದ್ದಾಳೆ. ಧಣಿಯ ಮನೆಗೆ ಸುಣ್ಣ ಬಳಿಯುವ ಮೊದಲು ಅವಳ ಆ ಮಾತುಗಳನ್ನು ಕೆತ್ತಿಸಿ ಗದ್ದೆಯ ಬದುವಿನ ಮೇಲೆ ನಿಲ್ಲಿಸಬೇಕು ಎನ್ನುವವನು ನಾನು.

1834ರಲ್ಲಿ ಗುಲಾಮಗಿರಿ ಹೋಯಿತು, ಗದ್ದೆ ಮಾತ್ರ ಹೋಗಲಿಲ್ಲ. ಬಿಡುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಕೂಲಿಗೆ ಅದೇ ಉಪ್ಪನ್ನು ಗೋರಿದರು. ದೊಡ್ಡ ಹಡಗು ದಡಕ್ಕೆ ಬರುವಷ್ಟು ಆಳವಿಲ್ಲದ್ದರಿಂದ ಸಣ್ಣ ದೋಣಿಗಳಲ್ಲಿ ಹೊತ್ತೊಯ್ಯಬೇಕಿತ್ತು. ಯಂತ್ರಗಳಿಂದ ಅಗ್ಗವಾಗಿ ಉಪ್ಪು ತೆಗೆಯುವ ಕಡೆಗಳ ಮುಂದೆ ಈ ವ್ಯಾಪಾರಕ್ಕೆ ತಾಳಿ ನಿಲ್ಲಲಾಗಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಗಿಯಿತು. ಗಾಡಿ ಎಳೆಯಲು ತಂದ ಕತ್ತೆಗಳ ಸಂತತಿ ಈಗಲೂ ಬೀದಿಯಲ್ಲಿ ಮೇಯುತ್ತದೆ. ಪ್ರವಾಸಿಗರಿಗೆ ಅವು ಬಲು ಇಷ್ಟ.

ನೀವು ಹೋಗುವುದಾದರೆ ಮಧ್ಯಾಹ್ನವೇ ಗದ್ದೆಗಳ ಕಡೆ ಹೋಗಿ. ಟೋಪಿ ಇರಲಿ, ಕುಡಿಯುವ ನೀರು ಇರಲಿ. ನೆರಳು ಸಿಗುವುದಿಲ್ಲ. ಮಳೆ ಬಂದರೆ ಉಪ್ಪು ಕರಗುತ್ತದೆ, ಮರಗಳಿದ್ದರೆ ಮಳೆ ಬರುತ್ತದೆ ಎಂದು ಲೆಕ್ಕ ಹಾಕಿ, ಬರ್ಮುಡಾದಿಂದ ಬಂದ ಧಣಿಗಳು ಇದ್ದಬದ್ದ ಮರಗಳನ್ನೆಲ್ಲ ಕಡಿಸಿಹಾಕಿದ್ದರು.