ಉಂಗುರದ ಹರಳು ಮತ್ತು ಅದರ ಜೋಪಾನ

ಕೇಳುಗ ಬಂಧುಗಳಿಗೆ ನಮಸ್ಕಾರ.

ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳು ಒತ್ತೊತ್ತಾಗಿ ಬರುವ ದಿನಗಳಲ್ಲಿ ನಮ್ಮ ರಾಯಚೂರಿನ ಬಂಗಾರದ ಅಂಗಡಿಗಳಿಗೆ ಹರಳು ಕೇಳಿಕೊಂಡು ಬರುವವರಲ್ಲಿ ಎರಡು ಬಗೆಯವರಿರುತ್ತಾರೆ. ಒಬ್ಬರ ಕೈಯಲ್ಲಿ ಶಾಸ್ತ್ರಿಗಳು ಬರೆದುಕೊಟ್ಟ ಚೀಟಿ ಇರುತ್ತದೆ. ಯಾವ ರಾಶಿ, ಯಾವ ಗ್ರಹ, ಯಾವ ಬೆರಳು, ಎಷ್ಟು ರತ್ತಿ ತೂಕ ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಇನ್ನೊಬ್ಬರು, ಹೆಚ್ಚಾಗಿ ಕಾಲೇಜು ಮುಗಿಸಿದ ಮಕ್ಕಳು, ಮೊಬೈಲಿನಲ್ಲಿ ಹನ್ನೆರಡು ತಿಂಗಳ ಪಟ್ಟಿಯನ್ನು ತೆರೆದು ತಮ್ಮ ಹುಟ್ಟಿದ ತಿಂಗಳಿಗೆ ಯಾವ ಹರಳು ಬರುತ್ತದೆಂದು ತೋರಿಸುತ್ತಾರೆ. ಇವರಿಬ್ಬರೂ ಕೊಂಡುಹೋದ ಹರಳುಗಳು ನಾಲ್ಕಾರು ವರ್ಷಗಳಲ್ಲಿ ಮಂಕಾಗಿಯೋ, ಗೀರು ಬಿದ್ದೋ, ಕೂರಿಸಿದ ಚೌಕಟ್ಟಿನಿಂದ ಕಳಚಿಯೋ ಅದೇ ಅಂಗಡಿಗೆ ಮರಳಿ ಬರುತ್ತವೆ. ಹರಳಿನ ಅರ್ಥವನ್ನು ವಿಚಾರಿಸುವಷ್ಟು ಶ್ರದ್ಧೆಯಿಂದ ನಾವು ಅದರ ಜಾತಿ ಮತ್ತು ಗುಣವನ್ನು ವಿಚಾರಿಸುವುದಿಲ್ಲ ಎಂಬುದೇ ಈ ಹೊತ್ತು ನಾನು ಮಾತನಾಡಬೇಕೆಂದಿರುವ ವಿಷಯ.

ಮೊದಲು ಆ ಎರಡು ಪಟ್ಟಿಗಳನ್ನು ನೋಡೋಣ. ನಮ್ಮ ಹಿರಿಯರು ಬಲ್ಲ ಪಟ್ಟಿ ನವರತ್ನಗಳದ್ದು. ಸೂರ್ಯನಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಇಲ್ಲಿ ತಿಂಗಳ ಮಾತೇ ಇಲ್ಲ, ಗ್ರಹಗಳ ಮಾತು. ಎರಡನೆಯದಾದ ತಿಂಗಳ ಪಟ್ಟಿಗೆ ಪಶ್ಚಿಮದ ಹಳೆಯ ನಂಬಿಕೆಗಳ ಬೇರು ಇದೆಯಾದರೂ, ಇಂದು ಚಾಲ್ತಿಯಲ್ಲಿರುವ ರೂಪಕ್ಕೆ ಅದನ್ನು ತಂದವರು ಅಮೆರಿಕದ ಆಭರಣ ವ್ಯಾಪಾರಿಗಳು. 1912ರಲ್ಲಿ ಅವರ ಸಂಘವು ಕಾನ್ಸಾಸ್‌ನಲ್ಲಿ ಸಭೆ ಸೇರಿ, ಜನವರಿಗೆ ಗಾರ್ನೆಟ್, ಏಪ್ರಿಲ್‌ಗೆ ವಜ್ರ, ಮೇ ತಿಂಗಳಿಗೆ ಪಚ್ಚೆ, ಜುಲೈಗೆ ಮಾಣಿಕ್ಯ, ಸೆಪ್ಟೆಂಬರ್‌ಗೆ ನೀಲ ಎಂಬಂತೆ ಹಂಚಿಕೆ ಮಾಡಿತು. ಆಮೇಲೆ 1952ರಲ್ಲಿ ಪಟ್ಟಿಯನ್ನು ತಿದ್ದಲಾಯಿತು. ತಾಂಜಾನಿಯಾದಲ್ಲಿ 1967ರಲ್ಲಿ ಮೊದಲ ಬಾರಿಗೆ ದೊರೆತ ತಾಂಜಾನೈಟ್ ಎಂಬ ನೀಲಿ ಹರಳು 2002ರಲ್ಲಿ ಡಿಸೆಂಬರ್‌ನವರ ಪಾಲಿಗೆ ಸೇರಿತು. 2016ರಲ್ಲಿ ಸ್ಪಿನೆಲ್ ಆಗಸ್ಟ್‌ನವರಿಗೆ ಬಂತು. ಡಿಸೆಂಬರ್‌ನಲ್ಲಿ ಹುಟ್ಟಿದ ನಮ್ಮ ಅಜ್ಜಂದಿರಿಗೆ ತಮ್ಮ ಜನ್ಮರತ್ನ ಇನ್ನೂ ನೆಲದೊಳಗೇ ಇದೆಯೆಂದು ಹೇಳುವವರು ಯಾರೂ ಇರಲಿಲ್ಲ.

ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಕೌತುಕ ಕಾಣುತ್ತದೆ. ನಮ್ಮಲ್ಲಿ ನೀಲವೆಂದರೆ ಭಯ. ಶನಿಯ ಹರಳು ಎಲ್ಲರಿಗೂ ಆಗಿಬರುವುದಿಲ್ಲವೆಂದು ಕೆಲವು ದಿನ ತಲೆದಿಂಬಿನ ಕೆಳಗಿಟ್ಟು, ಕನಸು ಕೆಡದಿದ್ದರೆ ಮಾತ್ರ ಬೆರಳಿಗೆ ಏರಿಸುವ ವಾಡಿಕೆ ಇದೆ. ಅದೇ ನೀಲವನ್ನು ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗಳಿಗೆ ಅಂಜಿಕೆಯಿಲ್ಲದೆ ಉಡುಗೊರೆ ಕೊಡಿಸುವ ತಂದೆಯೂ ಇದೇ ಊರಿನಲ್ಲಿದ್ದಾನೆ. ರಾಹುವಿನ ಗೋಮೇಧಿಕವೂ ಜನವರಿಯ ಕೆಂಪು ಗಾರ್ನೆಟ್ಟೂ ಒಂದೇ ಕುಲದ ಖನಿಜಗಳು. ನಂಬುವವರ ನಂಬಿಕೆಯೊಡನೆ ನನಗೆ ಜಗಳವಿಲ್ಲ. ಮನೆಯ ಹಿರಿಯರು ಒಳ್ಳೆಯದಾಗಲೆಂದು ಹಾರೈಸಿ ತೊಡಿಸಿದ ಉಂಗುರಕ್ಕೆ ಅದರದೇ ಆದ ಬೆಲೆ ಇದ್ದೇ ಇದೆ. ಆದರೆ ಜನವರಿಯವರದಾಗಲಿ ರಾಹುವಿನದಾಗಲಿ, ಗಾರ್ನೆಟ್ಟು ಹಠಾತ್ ಬಿಸಿಗೆ ಬಿರುಕು ಬಿಡುವುದೂ, ತನಗಿಂತ ಗಟ್ಟಿಯಾದ ಹರಳಿನ ಜೊತೆ ಒಂದೇ ಡಬ್ಬಿಯಲ್ಲಿದ್ದರೆ ಗೀರು ಬೀಳುವುದೂ ತಪ್ಪುವುದಿಲ್ಲ.

ಹರಳು ಬಂಗಾರಗಳ ಮಾತು ನಮ್ಮ ಸೀಮೆಗೆ ಹೊಸದೂ ಅಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಂಗಾರಕ್ಕಾಗಿ ಬಂಡೆಯನ್ನು ಸೀಳಿ ಇಳಿದವರ ಗುರುತುಗಳು ಸಿಕ್ಕಿವೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೂ ಹಟ್ಟಿ ನಡೆಯುತ್ತಲೇ ಇದೆ. ಅಶೋಕನ ಹೆಸರನ್ನೇ ಹೊತ್ತಿರುವ ಮಸ್ಕಿಯ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಬಂಗಾರವನ್ನು ಹುಡುಕುತ್ತ ಬಂದವರ ಕಣ್ಣಿಗೆ ಇತಿಹಾಸ ಬಿತ್ತು. ತುಂಗಭದ್ರೆಯ ಆಚೆ ದಂಡೆಯ ವಿಜಯನಗರಕ್ಕೆ 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ರತ್ನವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಮಹಾನವಮಿಯನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯಸನು, ಅರಮನೆಯ ಹೆಂಗಸರಲ್ಲಿ ಕೆಲವರು ಒಡವೆಯ ಭಾರಕ್ಕೆ ತಾವೇ ನಡೆಯಲಾರದೆ ಜೊತೆಯವರ ತೋಳಿನ ಆಸರೆ ಪಡೆಯುತ್ತಿದ್ದರೆಂದು ಬೆರಗುಪಟ್ಟಿದ್ದಾನೆ. ಬಳ್ಳಾರಿಗೆ ಮೂಡಣದಲ್ಲಿರುವ ವಜ್ರಕರೂರಿನ ಸುತ್ತಲ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಇಂದಿಗೂ ಬಾಗಿ ಬಾಗಿ ವಜ್ರ ಹುಡುಕುತ್ತಾರೆ.

ಇನ್ನು ಜೋಪಾನದ ವಿಚಾರ. ವಜ್ರದಿಂದಲೇ ತೊಡಗುವೆ, ಏಕೆಂದರೆ ಅತ್ಯಂತ ಗಟ್ಟಿಯಾದ ಹರಳೆಂಬ ಧೈರ್ಯದಲ್ಲಿ ಜನ ಅತ್ಯಂತ ಅಲಕ್ಷ್ಯ ಮಾಡುವುದು ಅದನ್ನೇ. ದಿನವೂ ಉಂಗುರ ಹಾಕಿಕೊಂಡೇ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೈಯಿಂದ ಆ ಉಂಗುರವನ್ನು ತೆಗೆದು, ಬೋರಲು ಹಾಕಿ, ಭೂತಗನ್ನಡಿಯಲ್ಲಿ ನೋಡಿರಿ. ಹರಳು ಮೈಗೆ ತಾಗಲೆಂದು ಬಿಟ್ಟ ಹಿಂಬದಿಯ ಕಿಂಡಿಯಲ್ಲಿ ಹಿಟ್ಟು, ಸಾಬೂನು ಮತ್ತು ಒಗ್ಗರಣೆಯ ಎಣ್ಣೆ ಸೇರಿ ಬೂದು ಬಣ್ಣದ ಗಟ್ಟಿ ಪದರವಾಗಿ ಕುಳಿತಿರುತ್ತದೆ. ವಜ್ರದ ಗುಣವೇ ಹಾಗೆ: ನೀರನ್ನು ದೂರ ತಳ್ಳಿ ಜಿಡ್ಡನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮರಳಿ ಮೇಲಕ್ಕೆ ಬಂದಾಗಲೇ ವಜ್ರ ಹೊಳೆಯುವುದು. ತಳಕ್ಕೆ ಜಿಡ್ಡು ಮೆತ್ತಿಕೊಂಡರೆ ಬೆಳಕು ಅಲ್ಲಿಯೇ ಸೋರಿಹೋಗುತ್ತದೆ. ಹರಳಿನ ಶಕ್ತಿ ಕುಂದಿತು, ಇದನ್ನು ತೆಗೆದು ಬೇರೆ ಹಾಕಿಸಬೇಕು ಎಂದು ಚಿಂತೆಗೆ ಬೀಳುವ ಎಷ್ಟೋ ಪ್ರಸಂಗಗಳಲ್ಲಿ ಕುಂದಿರುವುದು ಇಷ್ಟೇ. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ, ಕಾಲು ಗಂಟೆ ನೆನೆಯಿಟ್ಟು, ಹಲ್ಲುಜ್ಜುವ ಮೆತ್ತನೆಯ ಬ್ರಶ್ಶಿನಿಂದ ಹಿಂಬದಿಯಿಂದಲೇ ಮೆಲ್ಲಗೆ ಉಜ್ಜಿದರೆ ಸಾಕು. ಈ ಕೆಲಸವನ್ನು ಬಚ್ಚಲ ಹರಿಯುವ ನೀರಿನಲ್ಲಿ ಮಾಡದೆ ಬಟ್ಟಲಿನಲ್ಲಿಯೇ ಮಾಡಬೇಕು. ಹರಳು ಕಳಚಿದರೆ ಬಟ್ಟಲಿನಲ್ಲಾದರೂ ಉಳಿಯುತ್ತದೆ. ನಮ್ಮ ಬೋರ್‌ವೆಲ್‌ಗಳ ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಉಳಿಸುವುದರಿಂದ ಕೊನೆಯಲ್ಲೊಮ್ಮೆ ಕುಡಿಯುವ ಶುದ್ಧ ನೀರಿನಲ್ಲಿ ಅದ್ದಿ ಒರೆಸುವುದು ಒಳ್ಳೆಯದು. ಮತ್ತೊಂದು ಮಾತು: ವಜ್ರವು ಗೀರಿಗೆ ಬಗ್ಗದಿದ್ದರೂ ಪೆಟ್ಟಿಗೆ ಬಗ್ಗುತ್ತದೆ. ಅದಕ್ಕೆ ಸೀಳುವ ದಿಕ್ಕುಗಳಿವೆ. ಒರಳಿನ ಅಂಚಿಗೆ ಸರಿಯಾದ ಕೋನದಲ್ಲಿ ಬಡಿದರೆ ಚಕ್ಕೆ ಏಳುವುದುಂಟು.

ಗಟ್ಟಿತನವನ್ನು ಅಳೆಯಲು ಮೋಸ್ ಎಂಬಾತನ ಹೆಸರಿನ ಒಂದರಿಂದ ಹತ್ತರ ಮಾಪಕವಿದೆ. ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ ಏಳೂವರೆಯಿಂದ 8, ಹವಳ ಮೂರರಿಂದ 4, ಮುತ್ತು ಅದರ ಆಸುಪಾಸು. ನಾವು ನೆನಪಿಡಬೇಕಾದದ್ದು 7 ಎಂಬ ಅಂಕಿಯನ್ನು, ಏಕೆಂದರೆ ಅದು ಬೆಣಚುಕಲ್ಲಿನದು; ಅದಕ್ಕಿಂತ ಕಡಿಮೆ ಅಂಕಿಯ ಹರಳಿಗೆ ಬೆಣಚು ಗೀರು ಹಾಕಬಲ್ಲದು. ರಾಯಚೂರು, ಕೊಪ್ಪಳಗಳ ಬೆಟ್ಟಗಳೆಲ್ಲ ಬೆಣಚು ಬೆರೆತ ಬಂಡೆ. ಬೇಸಿಗೆಯ ಗಾಳಿಗೆ ಮನೆಯೊಳಗೆ ಬಂದು ಕೂರುವ ಧೂಳಿನಲ್ಲಿ ಅದರ ಸಣ್ಣ ಕಣಗಳು ಇದ್ದೇ ಇರುತ್ತವೆ. ಒಣ ಸೆರಗಿನ ತುದಿಯಿಂದ ಮುತ್ತನ್ನೋ, ಓಪಲನ್ನೋ, ಚಂದ್ರಕಾಂತವನ್ನೋ ಒರೆಸಿದಾಗಲೆಲ್ಲ ನಾವು ಆ ಕಣಗಳಿಂದಲೇ ಅದನ್ನು ತಿಕ್ಕುತ್ತಿರುತ್ತೇವೆ. ಮೊದಲು ಊದಿ ಧೂಳು ಹಾರಿಸಿ, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಪಚ್ಚೆಯ ಸಂಗತಿ ಬೇರೆ. ನಿಜವಾದ ಪಚ್ಚೆಯಲ್ಲಿ ಹುಟ್ಟಿನಿಂದಲೇ ಕೂದಲೆಳೆಯಂಥ ಬಿರುಕುಗಳಿರುತ್ತವೆ; ಬಿರುಕೇ ಇಲ್ಲದ ದೊಡ್ಡ ಪಚ್ಚೆಯನ್ನು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಅದು ಗಾಜೋ, ಕಾರ್ಖಾನೆಯಲ್ಲಿ ಬೆಳೆಸಿದ್ದೋ ಎಂದು ಸಂದೇಹಪಡುವುದು ಕ್ಷೇಮ. ಈ ಬಿರುಕುಗಳು ಕಾಣದಂತೆ ಎಣ್ಣೆ ಕುಡಿಸುವುದು ಬಹುಕಾಲದಿಂದ ನಡೆದುಬಂದ, ವ್ಯಾಪಾರದಲ್ಲಿ ಒಪ್ಪಿತವಾದ ಪದ್ಧತಿ. ಅಂಥ ಹರಳನ್ನು ಬಿಸಿ ಸಾಬೂನು ನೀರಿಗೆ ಹಾಕಿದರೆ, ಇಲ್ಲವೆ ಶಬ್ದದ ಕಂಪನದಿಂದ ಒಡವೆ ತೊಳೆಯುವ ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೆ ಬಿಟ್ಟರೆ ಎಣ್ಣೆ ಹೊರಬಂದು ಬಿರುಕುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಷ್ಟೇ ಅದಕ್ಕೆ ಸಾಕು. ಉಂಗುರವನ್ನು ತೊಳೆಯಲು ಕೊಡುವಾಗ "ಇದು ಪಚ್ಚೆ, ಯಂತ್ರಕ್ಕೆ ಹಾಕಬೇಡಿರಿ" ಎಂದು ಬಾಯಿಬಿಟ್ಟು ಹೇಳಬೇಕು.

ಮುತ್ತು ಮತ್ತು ಹವಳ ನೆಲದ ಕಲ್ಲುಗಳೇ ಅಲ್ಲ, ನೀರಿನ ಜೀವಿಗಳು ಕಟ್ಟಿದವು. ಎರಡರ ಮೈಯೂ ಬಹುಪಾಲು ಸುಣ್ಣದ ಅಂಶ. ಸುಣ್ಣಕ್ಕೆ ಹುಳಿ ವೈರಿ. ಬರಿ ಬಂಗಾರದ ಒಡವೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಅಂಟುವಾಳದ ನೊರೆಯಲ್ಲಿ ತೊಳೆಯುವ ನಮ್ಮ ಹೆಣ್ಣುಮಕ್ಕಳ ಪದ್ಧತಿ ಒಳ್ಳೆಯದೇ. ಆದರೆ ಅದೇ ಹುಣಸೆ ಮುತ್ತಿನ ವಾಲೆಗೋ ಹವಳದ ಸರಕ್ಕೋ ತಾಗಿದರೆ ಮೇಲಿನ ಮೆರುಗು ಕರಗುತ್ತದೆ, ಕರಗಿದ ಮೆರುಗನ್ನು ಮರಳಿ ಕೂಡಿಸಲು ಯಾರಿಂದಲೂ ಆಗದು. ನಿಂಬೆ, ಸೆಂಟು, ಕೂದಲ ಬಣ್ಣ, ಬೆವರು ಇವೂ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಆದುದರಿಂದ ಮುತ್ತನ್ನು ಅಲಂಕಾರವೆಲ್ಲ ಮುಗಿದ ಮೇಲೆ ತೊಡಬೇಕು, ಮನೆಗೆ ಬಂದೊಡನೆ ಮೊದಲು ತೆಗೆದು ಒರೆಸಿಡಬೇಕು. ಮುತ್ತಿನ ಸರವನ್ನು ತೂಗುಹಾಕಿದರೆ ದಾರ ಜಗ್ಗುತ್ತದೆ, ಮಲಗಿಸಿಡಬೇಕು. ಪಟವೇಗಾರರ ಹತ್ತಿರ ಪೋಣಿಸಿಕೊಳ್ಳುವಾಗ ಮುತ್ತಿಗೊಂದು ಗಂಟು ಹಾಕಿಸಿದರೆ, ದಾರ ಹರಿದರೂ ಬೀಳುವುದು ಒಂದೇ ಮುತ್ತು.

ಮುತ್ತನ್ನೂ ಅಕ್ಟೋಬರ್‌ನವರ ಓಪಲನ್ನೂ ವರ್ಷಗಟ್ಟಲೆ ಲಾಕರಿನ ಒಣಗಾಳಿಯಲ್ಲಿ ಮುಚ್ಚಿಡುವುದು ಸಲ್ಲದು. ಓಪಲಿನ ಮೈಯೊಳಗೆ ನೀರಿನ ಅಂಶವಿದೆ. ನಮ್ಮ ಏಪ್ರಿಲ್, ಮೇ ತಿಂಗಳ ಒಣ ಬಿಸಿಗೆ ಅದು ಬಿರಿಯಬಹುದು. ಫೆಬ್ರವರಿಯವರ ನೇರಳೆ ಬಣ್ಣದ ಅಮೆಥಿಸ್ಟ್ ಬಹುಕಾಲ ಬಿಸಿಲಿಗೆ ಬಿದ್ದರೆ ಬಣ್ಣ ಕಳೆದುಕೊಳ್ಳುತ್ತದೆ. ಮಾಣಿಕ್ಯ, ನೀಲಗಳಿಗೆ ಈ ತಾಪತ್ರಯವಿಲ್ಲ, ಅವು ನಮ್ಮಂತೆಯೇ ಬಿಸಿಲನ್ನು ತಾಳಿಕೊಳ್ಳುತ್ತವೆ.

ಹರಳಿಲ್ಲದ ಒಂದು ಒಡವೆಯನ್ನು ಇಲ್ಲಿ ಹೇಳದೆ ಬಿಡಲಾರೆ. ಅದು ಬೋರಮಾಳ. ಅದರ ಗುಂಡುಗಳು ತೆಳುವಾದ ಬಂಗಾರದ ತಗಡಿನವು. ಒಳಗೆ ಅರಗು ತುಂಬಿರುವುದರಿಂದಲೇ ಅವು ತಗ್ಗು ಬೀಳದೆ ನಿಲ್ಲುತ್ತವೆ. ಹಬ್ಬದ ಮುಂದೆ ಎಲ್ಲ ಒಡವೆಗಳನ್ನೂ ಒಂದೇ ಬೋಗುಣಿಗೆ ಸುರಿದು ಕುದಿಯುವ ನೀರು ಹೊಯ್ದರೆ ಅರಗು ಮೆತ್ತಗಾಗಿ ತೂತಿನಿಂದ ಹೊರಗೆ ಇಳಿಯುತ್ತದೆ, ದಾರ ಅಂಟಿಕೊಳ್ಳುತ್ತದೆ, ಗುಂಡು ಪೊಳ್ಳಾಗಿ ಬೆರಳೊತ್ತಿದರೆ ಜಜ್ಜಿಹೋಗುತ್ತದೆ. ಹಾಗೆಯೇ ಹರಳಿನ ಹಿಂದೆ ಹೊಳಪಿನ ತಗಡಿಟ್ಟು ಮುಚ್ಚಿದ ಕುಂದಣದ ಕೆಲಸಕ್ಕೆ ನೀರೇ ತಾಗಬಾರದು. ಒಳಗೆ ತೇವ ಹೊಕ್ಕರೆ ತಗಡು ಕಪ್ಪಾಗಿ ಹರಳೂ ಕಪ್ಪಾಗಿ ಕಾಣುತ್ತದೆ.

ಕೊಳ್ಳುವಾಗಿನ ಎಚ್ಚರಗಳಲ್ಲಿ ಒಂದನ್ನು ಒತ್ತಿ ಹೇಳುತ್ತೇನೆ. ಬಂಗಾರದ ಮೇಲಿನ ಹಾಲ್‌ಮಾರ್ಕ್ ಬಂಗಾರದ ಸಾಕ್ಷಿಯೇ ಹೊರತು ಹರಳಿನದಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರೆಟ್ಟಿಗೆ 916 ಎಂಬ ಅಂಕಿ ಮತ್ತು ಆ ಒಡವೆಗೆ ಮಾತ್ರ ಸೇರಿದ, ಅಕ್ಷರ-ಅಂಕಿಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ, ಇವು ಮೂರನ್ನು 2023ರ ಏಪ್ರಿಲ್ 1ರ ನಂತರ ಮಾರುವ ಹಾಲ್‌ಮಾರ್ಕ್ ಒಡವೆಯಲ್ಲಿ ಕಾಣಬೇಕು. ಹರಳಿನ ತೂಕವನ್ನೂ ಬಂಗಾರದ ನಿವ್ವಳ ತೂಕವನ್ನೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು, ಇಲ್ಲವಾದರೆ ಹರಳಿಗೂ ಬಂಗಾರದ ದರ ಕೊಟ್ಟು ಬಂದಂತಾಗುತ್ತದೆ. ಬೆಲೆಬಾಳುವ ಹರಳಿಗೆ ಪ್ರಯೋಗಾಲಯದ ವರದಿ ಬೇಕೇ ಬೇಕು. ಕಾರ್ಖಾನೆಯ ಮಾಣಿಕ್ಯ 1902ರಿಂದಲೇ ಬಳಕೆಯಲ್ಲಿದೆ; ಅದನ್ನು ಕಾರ್ಖಾನೆಯದೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಆದರೆ ಬಿರುಕುಗಳಿಗೆ ಸೀಸದ ಗಾಜು ತುಂಬಿಸಿದ ಮಾಣಿಕ್ಯವನ್ನು ಅಸಲಿ ದರಕ್ಕೆ ಮಾರುವುದು ವಂಚನೆಯೇ ಸರಿ. ಅಂಥ ಹರಳಿನ ಗಾಜು ನಿಂಬೆರಸಕ್ಕೂ ತಿಂದುಹೋಗುತ್ತದೆ.

ಹರಳನ್ನು ಹಿಡಿದಿರುವ ಬಂಗಾರದ ಉಗುರುಗಳು, ಅಂದರೆ ಪುಟ್ಟ ಕೊಕ್ಕೆಗಳು, ಸವೆಯುತ್ತವೆ, ಎದ್ದುಕೊಳ್ಳುತ್ತವೆ. ಅದನ್ನು ಮನೆಯಲ್ಲಿಯೇ ಪರೀಕ್ಷಿಸಲು ಸ್ವಲ್ಪ ಹತ್ತಿ ಸಾಕು, ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲ. ಹರಳಿನ ಸುತ್ತ ಹತ್ತಿಯನ್ನು ಹಗುರವಾಗಿ ಎಳೆದಾಗ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಗುರು ಎದ್ದಿದೆಯೆಂದು ತಿಳಿಯಬೇಕು. ಉಂಗುರವನ್ನು ಕಿವಿಯ ಬಳಿ ಅಲುಗಿಸಿದಾಗ ಟಿಕಿಟಿಕಿ ಸದ್ದಾದರೆ ಅಂದಿನಿಂದಲೇ ತೊಡುವುದನ್ನು ನಿಲ್ಲಿಸಿ ಪತ್ತಾರರಲ್ಲಿಗೆ ಒಯ್ಯಬೇಕು. ಬಂಗಾರ ತೊಳೆದುಕೊಡುತ್ತೇವೆಂದು ಮನೆಬಾಗಿಲಿಗೆ ಬರುವ ಅಪರಿಚಿತರ ಕೈಗೆ ಮಾತ್ರ ಯಾವ ಒಡವೆಯನ್ನೂ ಕೊಡಬೇಡಿರಿ. ಅವರ ಬಟ್ಟಲಿನಲ್ಲಿರುವುದು ಬಂಗಾರವನ್ನೇ ಕರಗಿಸುವ ಆಮ್ಲವಾಗಿರಬಹುದು. ಹೊಳೆಯುವ ಸರ ನಿಮ್ಮ ಕೈಗೆ ಮರಳಿದರೂ ಅದರ ತೂಕದ ಒಂದು ಪಾಲು ಅವರ ಬಟ್ಟಲಿನಲ್ಲಿಯೇ ಹೊರಟುಹೋಗುತ್ತದೆ. ಪರಿಚಯದ ಪತ್ತಾರರೇ ಆದರೂ ದುರಸ್ತಿಗೆ ಕೊಡುವಾಗ ಒಡವೆಯನ್ನು ನಿಮ್ಮೆದುರಿಗೆ ತೂಗಿಸಿ, ಹರಳುಗಳನ್ನು ಎಣಿಸಿ, ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಒಳ್ಳೆಯ ಪತ್ತಾರರು ಇದಕ್ಕೆ ಬೇಸರಿಸುವುದಿಲ್ಲ, ಅವರೇ ಮೊದಲು ತಕ್ಕಡಿಯನ್ನು ಮುಂದಿಡುತ್ತಾರೆ.

ನಮಸ್ಕಾರ.